ಮೆಸ್ಸಿಯೆ ಪಟ್ಟಿ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಕೊನೆಗೂ ಎಂ74 ಸಿಕ್ಕಿತು! ಮೀನ ರಾಶಿಯ ಆ ಮಸುಕು ಗೆಲಾಕ್ಸಿ ಎಷ್ಟು ಕಾಡಿಸಿತ್ತು ಅಂತ ನಿಮಗೆಲ್ಲ ಗೊತ್ತು. ಅಲ್ಲಿಗೆ ಗೆಲಾಕ್ಸಿ, ನೀಹಾರಿಕೆ, ನಕ್ಷತ್ರಗುಚ್ಛ ಮೊದಲಾದವುಗಳ ಮೆಸ್ಸಿಯೆ ಪಟ್ಟಿಯ, ಅಂದರೆ ಎಂ1ರಿಂದ ಎಂ110ರವರೆಗಿನ, 110ನ್ನೂ ಟೆಲಿಸ್ಕೋಪಿನಲ್ಲಿ ಕಣ್ಣಾರೆ ನೋಡಿದ ಹಾಗಾಯಿತು. ನೀವಿಲ್ಲದಿದ್ದರೆ ನಾನು ನಾಲ್ಕು ನೀಹಾರಿಕೆ ನೋಡಿ ಟೆಲಿಸ್ಕೋಪನ್ನು ಅಟ್ಟಕ್ಕೆ ಹಾಕುತ್ತಿದ್ದೆ, ಅದು ಖಂಡಿತ.

ರಾತ್ರಿ ಆಕಾಶ ನೋಡುವ ನಮ್ಮ ಗುಂಪಿನ ಪರಿಚಯಗಳೇ ಒಂಥರಾ ವಿಚಿತ್ರ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಯಾರಾದರೂ ಒಮ್ಮೆ ಮೊಬೈಲ್ ತೆರೆದರೆ ಅಷ್ಟೂ ಹಾಳು, ಹಾಗಾಗಿ ಮಂದ ಕೆಂಪು ಟಾರ್ಚ್ ಬಿಟ್ಟು ಬೇರೆ ಬೆಳಕಿಲ್ಲ, ಎದುರಿಗಿರುವವರ ಮುಖವೂ ಕಾಣುವುದಿಲ್ಲ. ದನಿಯಿಂದಲೇ ಗುರುತು. ಎಲ್ಲಿ ಕೆಲಸ, ಎಷ್ಟು ಸಂಬಳ ಅಂತ ಯಾರೂ ಕೇಳುವುದಿಲ್ಲ. "ನಿಮ್ಮದರಲ್ಲಿ ಏನು ಕಾಣ್ತಿದೆ?" ಅಷ್ಟೇ. ಮಸುಕಾದದ್ದನ್ನು ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಡಿ, ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ ಅಂತ ತಾಳ್ಮೆಯಿಂದ ಹೇಳಿಕೊಟ್ಟವರನ್ನು ನಾನು ಬಹಳ ದಿನ "ಸರ್, ಸರ್" ಅನ್ನುತ್ತಿದ್ದೆ. ಹಗಲಲ್ಲಿ ನೋಡಿದರೆ ಕಾಲೇಜು ಹುಡುಗ! ಈಗಲೂ ಸರ್ ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಪ್ಪ.

ಈ ಪಟ್ಟಿಯೂ ಒಬ್ಬರದ್ದಲ್ಲ ಅಲ್ವಾ. ಚಾರ್ಲ್ಸ್ ಮೆಸ್ಸಿಯೆ ಹುಡುಕುತ್ತಿದ್ದದ್ದು ಧೂಮಕೇತುಗಳನ್ನು. ಧೂಮಕೇತುವಿನ ಹಾಗೇ ಕಂಡು, ಆದರೆ ಜಾಗ ಬಿಟ್ಟು ಕದಲದೆ ದಾರಿ ತಪ್ಪಿಸುವುದನ್ನೆಲ್ಲ ಬರೆದಿಟ್ಟ. ಅದೇ ಹುಚ್ಚಿನ ಪಿಯರ್ ಮೆಶಾನ್ ತನಗೆ ಸಿಕ್ಕಿದ್ದನ್ನೂ ಅವನಿಗೇ ತಿಳಿಸುತ್ತಾ ಹೋದ. 1781ರ ಹೊತ್ತಿಗೆ 103 ಆಯಿತು. ಉಳಿದದ್ದನ್ನು ಸೇರಿಸಿದವರು 20ನೇ ಶತಮಾನದವರು. 1947ರಲ್ಲಿ ಖಗೋಳಶಾಸ್ತ್ರಜ್ಞೆ ಹೆಲೆನ್ ಸಾಯರ್ ಹಾಗ್ ಮೂರು ಸೇರಿಸಿದರು, ಎಂ110 ಬಂದದ್ದು 1967ರಲ್ಲಿ. ಒಬ್ಬರ ಮುಖ ಒಬ್ಬರು ನೋಡದ ಬೇರೆ ಬೇರೆ ಶತಮಾನದವರು ಸೇರಿ ಒಂದು ಪಟ್ಟಿ ಮುಗಿಸಿದರು, ನಮ್ಮ ಗುಂಪಿಗೆ ಇದಕ್ಕಿಂತ ಸರಿಯಾದ ಪಟ್ಟಿ ಇನ್ನೊಂದಿಲ್ಲ.

ಪಕ್ಷಿ ವೀಕ್ಷಕರಿಗೆ ವಿಶೇಷ ಥ್ಯಾಂಕ್ಸ್. ಮೊದಮೊದಲು ಅವರಿಗೂ ನಮಗೂ ಏನು ಸಂಬಂಧ ಅನ್ನಿಸಿತ್ತು. ಅವರು ಏಳುವ ಹೊತ್ತಿಗೆ ನಾವು ಮಲಗುತ್ತೇವೆ. ಆದರೆ ರಾತ್ರಿ ಹಾರುವ ವಲಸೆ ಹಕ್ಕಿಗಳಿಗೂ ಜಾಸ್ತಿ ಬೆಳಕು ದಾರಿ ತಪ್ಪಿಸುತ್ತದೆ. ಮೈದಾನದ ದೊಡ್ಡ ದೀಪಗಳನ್ನು ತಡರಾತ್ರಿ ಆರಿಸಿ ಅಂತ ನಾವು ಕೇಳಿದಾಗ ಯಾರೂ ಕಿವಿಗೊಡಲಿಲ್ಲ, ಎರಡೂ ಗುಂಪು ಒಟ್ಟಿಗೆ ಹೋದ ಮೇಲೆಯೇ ಒಪ್ಪಿದ್ದು. ಫೋಟೊ ತೆಗೆಯುವವರಿಗೂ ಕಣ್ಣಲ್ಲೇ ನೋಡುವವರಿಗೂ ಜಗಳ ಮಾತ್ರ ಇನ್ನೂ ನಿಂತಿಲ್ಲ. ಇರಲಿ ಬಿಡಿ, ಅದೂ ಒಂದು ಮಜಾ.

ನನ್ನ ಬೆನ್ನು ಕೈಕೊಟ್ಟ ತಿಂಗಳುಗಳಲ್ಲಿ ಟೆಲಿಸ್ಕೋಪ್ ಹೊತ್ತು ತಂದು, ಜೋಡಿಸಿ, ಕುರ್ಚಿ ಹಾಕಿ "ಬನ್ನಿ, ನೋಡಿ" ಅಂದವರೇ, ನಿಮ್ಮನ್ನು ಮರೆಯಲಾರೆ. ಎಂ74 ಇನ್ನೂ ಸಿಗದವರು ಬರುವ ಅಮಾವಾಸ್ಯೆಗೆ ನನ್ನ ಹತ್ತಿರ ಬನ್ನಿ, ಹುಡುಕಿಕೊಡುತ್ತೇನೆ. ಅಂದಹಾಗೆ, ನನ್ನದೊಂದು ಐಪೀಸ್ (ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರ) ಯಾರದೋ ಬ್ಯಾಗಿನಲ್ಲಿ ಹೋಗಿದೆ, ಸ್ವಲ್ಪ ನೋಡ್ರಪ್ಪ.