ಅಂಕಿಗಳ ಎಣಿಕೆಯಷ್ಟೇ ಸುದ್ದಿಯಲ್ಲ

ಮಾನ್ಯ ಸಂಪಾದಕರೇ,

ಎರಡರ 13,62,79,841ನೇ ಘಾತದಿಂದ ಒಂದನ್ನು ಕಳೆದರೆ ಸಿಗುವ ಸಂಖ್ಯೆ ಅವಿಭಾಜ್ಯವೆಂದು 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಪತ್ತೆ ಮಾಡಿದರು. ಅದರ ಪ್ರಸ್ತಾಪ ಬಂದಾಗಲೆಲ್ಲ, ಬರೆಯಹೊರಟರೆ 4,10,24,320 ಅಂಕಿಗಳಾಗುತ್ತವೆ ಎಂಬ ಬೆರಗಿನಲ್ಲೇ ಮಾತು ಮುಗಿದುಬಿಡುತ್ತದೆ. ಅಷ್ಟು ದೊಡ್ಡ ಸಂಖ್ಯೆಗೆ 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಅಪವರ್ತನಗಳೇ ಇಲ್ಲವೆಂದು ಖಚಿತಪಡಿಸಿಕೊಂಡ ಬಗೆ, ನನ್ನ ದೃಷ್ಟಿಯಲ್ಲಿ, ಅದಕ್ಕಿಂತ ಎಷ್ಟೋ ಸ್ವಾರಸ್ಯಕರ. ಪ್ರೌಢಶಾಲೆಯ ಮಕ್ಕಳೂ ಮಾಡಿ ನೋಡಬಹುದಾದ ಆ ಭಾಗವೇ ವರದಿಗಳಲ್ಲಿ ಬಿಟ್ಟುಹೋಗುವುದು ಬೇಸರದ ಸಂಗತಿ.

ಈ ಬಗೆಯ ಅವಿಭಾಜ್ಯಗಳಿಗೆ 17ನೇ ಶತಮಾನದ ಫ್ರೆಂಚ್ ಪಾದ್ರಿ ಮರ್ಸೆನ್ನನ ಹೆಸರಿದೆ. ಇಲ್ಲಿ ಘಾತಸೂಚಿ, ಅಂದರೆ ಎರಡರ ಎಷ್ಟನೇ ಘಾತವೆಂದು ಹೇಳುವ ಸಂಖ್ಯೆ, ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವಾಗಿದ್ದರೂ ಎರಡರ 11ನೇ ಘಾತದಲ್ಲಿ ಒಂದು ಕಳೆದ 2047 ಎಂಬುದು 23 ಮತ್ತು 89ರ ಗುಣಲಬ್ಧ. ಈ ಎರಡೂ 22ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರುವುದು ಆಕಸ್ಮಿಕವಲ್ಲ. ಘಾತಸೂಚಿ ಬೆಸ ಅವಿಭಾಜ್ಯವಾಗಿದ್ದಾಗ ಪ್ರತಿ ಅಪವರ್ತನವೂ ಘಾತಸೂಚಿಯ ಎರಡರಷ್ಟರ ಯಾವುದಾದರೊಂದು ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಲೇಬೇಕೆಂದು ಸಾಧಿಸಲಾಗಿದೆ. ಆದ್ದರಿಂದ ಡ್ಯುರಾಂಟ್ ಅವರ ಸಂಖ್ಯೆಗೆ 1ನ್ನು ಬಿಟ್ಟರೆ 27,25,59,683ಕ್ಕಿಂತ ಚಿಕ್ಕ ಅಪವರ್ತನ ಇರಲು ಮೊದಲೇ ಸಾಧ್ಯವಿರಲಿಲ್ಲ.

ಆದರೂ ಒಂದೊಂದಾಗಿ ಭಾಗಿಸಿ ನೋಡುತ್ತ ಕೂತರೆ ಯಾವ ಕಂಪ್ಯೂಟರಿಗೂ ಮುಗಿಯದ ಕೆಲಸವದು. ಅದಕ್ಕೆ ದಾರಿ ತೋರಿದವನು ಫ್ರಾನ್ಸಿನ ಲೂಕಾ. 39 ಅಂಕಿಗಳ ಅವಿಭಾಜ್ಯವೊಂದನ್ನು 1876ರಲ್ಲಿ ಕೈಲೆಕ್ಕದಿಂದಲೇ ಸಾಧಿಸಿದ ಅವನ ವಿಧಾನವನ್ನು ಮುಂದೆ ಅಮೆರಿಕದ ಲೆಹ್ಮರ್ ಸರಳಗೊಳಿಸಿದ. 31ನ್ನೇ, ಅಂದರೆ ಎರಡರ 5ನೇ ಘಾತದಲ್ಲಿ ಒಂದು ಕಳೆದದ್ದನ್ನೇ, ಪರೀಕ್ಷಿಸೋಣ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೆಯೇ ಮಾಡಿದರೆ 194. ಅದನ್ನು 31ರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗದಿಂದ 2 ಕಳೆದರೆ 62. ಈಗ ಶೇಷ ಸೊನ್ನೆ. ಘಾತಸೂಚಿಗಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗಳಲ್ಲಿ ಸೊನ್ನೆ ಬಂದುದರಿಂದ 31 ಅವಿಭಾಜ್ಯ, ಬಾರದಿದ್ದರೆ ಅಲ್ಲ. ಡ್ಯುರಾಂಟ್ ಅವರ ಸಂಖ್ಯೆಯನ್ನು ಖಚಿತಪಡಿಸಿದ್ದೂ ಇದೇ ಲೆಕ್ಕ. ಅಲ್ಲಿ ಹೆಜ್ಜೆಗಳು 13,62,79,839. ಇಂಥ ಸುದ್ದಿಯ ಪಕ್ಕದಲ್ಲಿ ಈ ನಾಲ್ಕು ಸಾಲಿನ ಲೆಕ್ಕವನ್ನೂ ಅಚ್ಚು ಹಾಕಿದರೆ ಎಷ್ಟೋ ಮಕ್ಕಳು ಪೆನ್ಸಿಲ್ ಹಿಡಿದು 127ಕ್ಕೆ ಅದನ್ನು ಪ್ರಯೋಗಿಸಿ ನೋಡುತ್ತಾರೆಂಬ ಭರವಸೆ ನನಗಿದೆ.

ಇನ್ನೆರಡು ತಿದ್ದುಪಡಿ ಅಗತ್ಯ. ಇಂಥ ಸಂಖ್ಯೆಗಳಿಂದ ಬ್ಯಾಂಕ್ ವ್ಯವಹಾರಗಳ ಗೋಪ್ಯತೆ ಬಲಗೊಳ್ಳುತ್ತದೆ ಎನ್ನುವುದು ಸರಿಯಲ್ಲ. ಅಲ್ಲಿ ಬಳಸುವ ಅವಿಭಾಜ್ಯಗಳಿಗೆ ಕೆಲವು ನೂರು ಅಂಕಿಗಳು ಸಾಕು, ಮತ್ತು ಅವು ಯಾರಿಗೂ ತಿಳಿದಿರಬಾರದು. ಜಗತ್ತಿಗೇ ಗೊತ್ತಾದ ಸಂಖ್ಯೆಯಿಂದ ಗುಟ್ಟು ಕಾಯಲಾಗದು. ಹಾಗೆಯೇ ‘ಅತಿ ದೊಡ್ಡ ಅವಿಭಾಜ್ಯ’ ಎಂಬ ಶೀರ್ಷಿಕೆಯೂ ತಪ್ಪು. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ. ‘ಈವರೆಗೆ ತಿಳಿದವುಗಳಲ್ಲಿ’ ಎಂಬ ಮಾತನ್ನು ದಯವಿಟ್ಟು ಶೀರ್ಷಿಕೆಯಲ್ಲೇ ಸೇರಿಸಿ.

– ಗಣಿತ ಶಿಕ್ಷಕಿ, ಹಾಸನ