ಹಳೆ ಮನೆ ಉಳಿಸಿಕೊಂಡವರಿಗೆ ಕಂದಾಯ ಇಳಿಸಿ

ಮಾನ್ಯ ಸಂಪಾದಕರೇ,

ಮಲ್ಲೇಶ್ವರ, ಬಸವನಗುಡಿಯ ಹಳೆ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಸುದ್ದಿ ಓದಿದಾಗಲೆಲ್ಲ ಸಂಕಟವಾಗುತ್ತದೆ. ನಾನು ಮಲ್ಲೇಶ್ವರದವಳು. ಈಗ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, 1911ರಲ್ಲಿ ಕಟ್ಟಿದ ಮರದ ಮನೆಯೊಂದರಲ್ಲಿ ನಮ್ಮ ಸಂಸಾರ. ಇಂಥದ್ದಕ್ಕೆ ಇಲ್ಲಿ ಕ್ರಾಫ್ಟ್ಸ್‌ಮನ್ ಬಂಗಲೆ ಅನ್ನುತ್ತಾರೆ. ಮುಂದೆ ಅಗಲವಾದ ಜಗಲಿ, ಹೊರಗೆ ಚಾಚಿದ ಸೂರು, ಅದರಡಿ ಎದ್ದು ಕಾಣುವ ತೊಲೆಯ ತುದಿಗಳು, ಹೊಳೆಗಲ್ಲಿನ ಕಂಬ. ಹೆಸರು ಬಂಗಲೆಯಾದರೂ ದೊಡ್ಡ ಮನೆಯಲ್ಲ.

ಮನೆ ಕೊಂಡ ಹೊಸದರಲ್ಲಿ ಒಂದು ಕಿಟಕಿ ಎತ್ತಿದರೆ ನಿಲ್ಲುತ್ತಿರಲಿಲ್ಲ, ದಢಾರಂತ ಕೆಳಗೆ ಬೀಳುತ್ತಿತ್ತು. ಕಿಟಕಿ ಮಾರುವ ಕಂಪನಿಯವರೊಬ್ಬರು ಬಂದು ನೋಡಿ, ಎಲ್ಲ ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕಿಸಿ ಎಂದರು. ಪಕ್ಕದ ಮನೆಯವರು ಹಳೆ ಕೆಲಸ ಗೊತ್ತಿರುವ ಬಡಗಿಯನ್ನು ಕರೆಸಿಕೊಟ್ಟರು. ಅವರು ಚೌಕಟ್ಟಿನ ಬದಿಯ ಸಣ್ಣ ಹಲಗೆ ತೆಗೆದರು. ಒಳಗೆ ಉದ್ದನೆಯ ಕಬ್ಬಿಣದ ತೂಕ ಬಿದ್ದಿತ್ತು. ಬಾವಿಯ ಹಾಗೆ ಅಲ್ಲೂ ಒಂದು ರಾಟೆ, ಹಗ್ಗ. ತೂಕ ಇಳಿದಂತೆ ಕಿಟಕಿ ಏರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಸವೆದಿದ್ದ ಹತ್ತಿ ಹಗ್ಗ ಹರಿದಿತ್ತು, ಅಷ್ಟೇ. ಹೊಸ ಹಗ್ಗ ಕಟ್ಟಿದರು. ಮರಕ್ಕೆ ಏನೂ ಆಗಿರಲಿಲ್ಲ. ಹಳೆ ಕಾಡಿನ, ನಿಧಾನವಾಗಿ ಬೆಳೆದ ಮರ ಅದು. ಉಂಗುರಗಳು ಎಷ್ಟು ಒತ್ತಾಗಿವೆ ಎಂದರೆ ಉಗುರು ಊರುವುದಿಲ್ಲ.

ಈ ಊರಿನವರು ಮೊದಲಿನಿಂದಲೂ ಹಳೆ ಮನೆಗಳನ್ನು ಹೀಗೆ ಜೋಪಾನ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ವಾಸ್ತುಶಿಲ್ಪಿಗಳಾದ ಗ್ರೀನ್ ಸಹೋದರರು 1907ರಲ್ಲಿ ವಿನ್ಯಾಸ ಮಾಡಿದ ಬ್ಲ್ಯಾಕರ್ ಹೌಸ್ ಎಂಬ ಮನೆ ಇಲ್ಲಿದೆ. 1985ರಲ್ಲಿ ಅದನ್ನು ಕೊಂಡವರು ಮನೆಗೆಂದೇ ಮಾಡಿದ್ದ ದೀಪಗಳನ್ನೂ ಚಿತ್ರದ ಗಾಜುಗಳನ್ನೂ ಬಿಚ್ಚಿ ಸಾಗಿಸಿದರು. ಮನೆಗಿಂತ ಅವಕ್ಕೇ ಬೆಲೆ ಜಾಸ್ತಿ, ಅಲ್ವಾ! ಊರೇ ರೊಚ್ಚಿಗೆದ್ದಿತು. ಇನ್ನು ಮುಂದೆ ಹಾಗೆ ಬಿಚ್ಚಿ ಒಯ್ಯದಂತೆ ನಗರಾಡಳಿತ ಕಾನೂನು ತಂದಿತು. ಆ ಮನೆಗೆ ಅದು ತಡವಾಯಿತು. ಆಮೇಲೆ ಬಂದ ಮಾಲೀಕರು ಹಳೆಯದರ ಅಚ್ಚಿನಂತೆ ಮತ್ತೆ ಮಾಡಿಸಬೇಕಾಯಿತು. ಸುಮಾರು ಅದೇ ಕಾಲದಲ್ಲಿ ಇನ್ನೊಂದು ಬಡಾವಣೆಯಲ್ಲಿ ಬಂಗಲೆಗಳ ನಡುವೆ ಅಪಾರ್ಟ್‌ಮೆಂಟ್ ಏಳತೊಡಗಿದಾಗ ಅಲ್ಲಿನವರು ಒಟ್ಟಾದರು. 1989ರಲ್ಲಿ ಆ ಬಡಾವಣೆ, ಬಂಗಲೋ ಹೆವೆನ್, ನಗರದ ಮೊದಲ ಸಂರಕ್ಷಿತ ವಲಯವಾಯಿತು. ಅಲ್ಲಿ ನೂರಾರು ಮನೆಗಳು ಉಳಿದಿವೆ, ಜನ ಅದರಲ್ಲೇ ಬಾಳುತ್ತಿದ್ದಾರೆ.

ಬೆಂಗಳೂರಿಗೆ ನಾನು ಹೇಳಬೇಕಾದ್ದು ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 1972ರಿಂದ ಮಿಲ್ಸ್ ಆಕ್ಟ್ ಎಂಬ ಕಾನೂನಿದೆ. ಪಾರಂಪರಿಕ ಎಂದು ಗುರುತಿಸಿದ ಹಳೆ ಮನೆಯ ಮಾಲೀಕರು ನಗರಾಡಳಿತದ ಜೊತೆ ಕನಿಷ್ಠ 10 ವರ್ಷದ ಒಪ್ಪಂದ ಮಾಡಿಕೊಳ್ಳಬಹುದು. ಮನೆಯನ್ನು ಅದರ ರೂಪ ಕೆಡದಂತೆ ರಿಪೇರಿ ಮಾಡಿಸಿಕೊಂಡಿರಬೇಕು. ಬದಲಿಗೆ ಆಸ್ತಿ ತೆರಿಗೆ ಗಣನೀಯವಾಗಿ ಇಳಿಯುತ್ತದೆ. ಒಪ್ಪಂದ ವರ್ಷ ವರ್ಷ ತಾನಾಗಿ ಮುಂದುವರಿಯುತ್ತದೆ. ಮನೆ ಮಾರಿದರೆ ಕೊಂಡವರಿಗೂ ಅನ್ವಯಿಸುತ್ತದೆ. ನಾವೂ ಮಾಡಿಕೊಂಡಿದ್ದೇವೆ. ಉಳಿದ ದುಡ್ಡಿನಲ್ಲೇ ಸೂರಿನ ಗೆದ್ದಲು ಹಿಡಿದ ತೊಲೆಗಳನ್ನು ಸರಿಮಾಡಿಸಿದೆವು.

ನಮ್ಮ ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗ್ ಆದಮೇಲೆ ಬೆಳೆದವು. ಹಾಗಾಗಿ ಅಲ್ಲಿನ ಹಳೆ ಮನೆಗಳೂ ಈ ಬಂಗಲೆಗಳೂ ಹೆಚ್ಚುಕಡಿಮೆ ಒಂದೇ ಕಾಲದವು. ಅಲ್ಲಿ ಮಾಲೀಕರ ಕಷ್ಟ ನನಗೆ ಗೊತ್ತು. ಹೆಂಚು ಸೋರುತ್ತದೆ, ಅಣ್ಣ ತಮ್ಮಂದಿರ ಪಾಲಾಗಬೇಕು, ಸೈಟಿಗೆ ಕೋಟಿಗಟ್ಟಲೆ ಬೆಲೆ. ಅವರನ್ನು ಸುಮ್ನೆ ಬೈದರೆ ಏನೂ ಉಳಿಯುವುದಿಲ್ಲ. ಕಂದಾಯ ಇಳಿಸಿದ ಮಾತ್ರಕ್ಕೂ ಸಾಲದು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಟಿಡಿಆರ್ (ಬೇರೆ ಕಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ, ಇಲ್ಲವೇ ಮಾರಬಹುದಾದ ಹಕ್ಕು) ಕೊಡುವ ಹಾಗೆ, ಹಳೆ ಮನೆ ಉಳಿಸಿಕೊಂಡವರ ಕೈಗೂ ಅದು ಅಲೆದಾಟವಿಲ್ಲದೆ ಸಿಗಬೇಕು. ರಿಪೇರಿ ನೋಡಿಕೊಳ್ಳಲು ಹಳೆ ಗಾರೆ, ಮರಗೆಲಸ ಬಲ್ಲ ಒಬ್ಬ ಎಂಜಿನಿಯರನ್ನು ಪಾಲಿಕೆ ನೇಮಿಸಲಿ. ಎರಡೇ ಬಡಾವಣೆಯಲ್ಲಿ, 10 ವರ್ಷದ ಒಪ್ಪಂದದಲ್ಲಿ ಶುರು ಮಾಡಲಿ. ಮನೆ ಮಾಲೀಕರು ಅರ್ಜಿ ಹಾಕುತ್ತಾರೋ ಇಲ್ಲವೋ ಆಗ ನೋಡೋಣ.

— ಮಲ್ಲೇಶ್ವರದ ಹಳೆಯ ನಿವಾಸಿ, ಪ್ಯಾಸಡೀನಾ, ಕ್ಯಾಲಿಫೋರ್ನಿಯಾ