ಹಳೇ ಕನ್ನಡಕ, ಹೊಸ ಫೀ: ನಮ್ಮ ಗ್ರಾಹಕರಿಗೆ

ಎಲ್ಲರಿಗೂ ಶರಣು.

ಹೋದ ವಾರ ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ ಸುಮ್ನಾದದ್ದು ನಮ್ಮ ತಪ್ಪು. ಅದೂ ಪರೀಕ್ಷೆ ನಡೆಯುವ ಹೊತ್ತಿನಲ್ಲಿ. ಕ್ಷಮಿಸಿ. ವಿಷಯ ಇಷ್ಟು: ಜೂನ್ 1ರಿಂದ ನಮ್ಮ ವಿಆರ್ ಪಾಠಗಳ (ಕಣ್ಣಿಗೆ ಸ್ಕ್ರೀನ್ ಇರುವ ಕನ್ನಡಕ ಹಾಕಿಕೊಂಡು, ಆ ಜಾಗದಲ್ಲೇ ಇದ್ದಂತೆ ನೋಡಿ ಕಲಿಯುವ ಪಾಠ) ಮತ್ತು ಡ್ರೈವಿಂಗ್ ಸಿಮ್ಯುಲೇಟರ್‌ನ ಹೊಸ ಆವೃತ್ತಿಗೆ ವರ್ಷಕ್ಕೊಮ್ಮೆ ಫೀ ಇರುತ್ತದೆ. ವೈರ್ ಇರುವ ಹಳೇ ಕನ್ನಡಕಗಳಿಗೆ ಹೊಸ ಆವೃತ್ತಿ ಬರುವುದಿಲ್ಲ.

ಅಂದಿನಿಂದ ಫೋನ್ ಎತ್ತಿದರೆ ಒಂದೇ ಮಾತು: "ಕನ್ನಡಕ ಚೊಲೋ ಅವರಿ, ಹೊಸಾವು ಮಾರಬೇಕಂತ ನೀವೇ ಬಂದ್ ಮಾಡೀರಿ." ಸೇಡಂನಿಂದಲೂ ಅದೇ, ಹುಮನಾಬಾದ್‌ನಿಂದಲೂ ಅದೇ, ಶಹಾಪುರದಿಂದಲೂ ಅದೇ.

ನಾವು ಬಂದ್ ಮಾಡಿಲ್ಲ. ಕನ್ನಡಕದಲ್ಲಿ ನಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ತರಿಸಿದ ಬಿಲ್ಲನ್ನೇ ನಿಮ್ಮ ಕೈಗೆ ಕೊಟ್ಟಿದ್ದೇವೆ, ತೆಗೆದು ನೋಡಿ. ಆ ಕನ್ನಡಕ ನಡೆಯಲು ಕಂಪ್ಯೂಟರಿನಲ್ಲಿ ಅದರದೇ ಒಂದು ಸಾಫ್ಟ್‌ವೇರ್ ಇರಬೇಕು. ಅದನ್ನು ಮಾಡಿದವರೇ ಕೈಬಿಟ್ಟರು. ಕಂಪ್ಯೂಟರಿಗೆ ದೊಡ್ಡ ಅಪ್‌ಡೇಟ್ ಬಂತೆಂದರೆ ಆ ಸಾಫ್ಟ್‌ವೇರ್ ಹೋಗುತ್ತದೆ, ಗಾಜು ಗಟ್ಟಿಯಿದ್ದರೂ ಕನ್ನಡಕ ಕುರುಡಾಗುತ್ತದೆ. ಇದರಲ್ಲಿ ನಮ್ಮ ಕೈವಾಡ ಏನಿದೆ ಹೇಳಿ?

ಈ ಧಂದೆಯ ಹಣೆಬರಹವೇ ಹೀಗೆ. 'ವರ್ಚುವಲ್ ರಿಯಾಲಿಟಿ', ಅಂದರೆ ವಿಆರ್, ಅನ್ನುವ ಮಾತನ್ನು ಜನರ ಬಾಯಿಗೆ ತಂದವರು ಅಮೆರಿಕದ ಜರಾನ್ ಲೇನಿಯರ್. ಅವರ ವಿಪಿಎಲ್ ಕಂಪನಿ 1980ರ ದಶಕದಲ್ಲೇ ಕಣ್ಣಿಗೆ ಹೆಡ್‌ಸೆಟ್, ಕೈಗೆ ಗ್ಲೌಸ್ ಮಾಡಿ ಮಾರಿತು. ಆ ಕಂಪನಿಯೇ ದಿವಾಳಿಯಾಯಿತು. ಅದರ ಪೇಟೆಂಟ್‌ಗಳು ಸನ್ ಮೈಕ್ರೋಸಿಸ್ಟಮ್ಸ್ ಅನ್ನುವ ಕಂಪ್ಯೂಟರ್ ಕಂಪನಿಯ ಪಾಲಾದವು. ವಿಆರ್ ಕನ್ನಡಕ ಮಾಡುವ ಆಕ್ಯುಲಸ್ ಕಂಪನಿಯನ್ನು ಫೇಸ್‌ಬುಕ್ 2014ರಲ್ಲಿ ಸುಮಾರು 200 ಕೋಟಿ ಡಾಲರ್‌ಗೆ ಕೊಂಡಿತು. 2018ರಲ್ಲಿ ಬಂದ ಅದರ ಕನ್ನಡಕ ಆಕ್ಯುಲಸ್ ಗೋ 2020ರಲ್ಲಿ ನಿಂತಿತು. ಎರಡೇ ವರ್ಷ! 1929ರಲ್ಲಿ ಎಡ್ವಿನ್ ಲಿಂಕ್ ವಿಮಾನ ಓಡಿಸುವುದನ್ನು ಕಲಿಸಲು ಸಿಮ್ಯುಲೇಟರ್ ಕಟ್ಟಿದ್ದು ಅಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳಿಂದ. ಪುಣ್ಯವಂತ, ಅಪ್‌ಡೇಟ್ ಕಾಟ ಇರಲಿಲ್ಲ.

ಅದಕ್ಕೇ ಒಂದು ಕಂಪನಿಯ ಬಾಲ ಹಿಡಿಯುವುದು ಸಾಕು ಅನ್ನಿಸಿತು. ಹೊಸ ಆವೃತ್ತಿಯನ್ನು ಓಪನ್‌ಎಕ್ಸ್‌ಆರ್ ಮೇಲೆ ಬರೆದಿದ್ದೇವೆ. ಇದು 2019ರಲ್ಲಿ ಬಂದ ಮುಕ್ತ ಮಾನದಂಡ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಾಮಾನ್ಯ ನಿಯಮ, ಹೆಚ್ಚಿನ ಕಂಪನಿಗಳ ಕನ್ನಡಕಗಳು ಇದನ್ನು ಒಪ್ಪುತ್ತವೆ. ಆದರೆ ಒಮ್ಮೆ ಬರೆದರೆ ಮುಗಿಯಿತು ಅಂತಲ್ಲ. ಚಿತ್ರ ಸೆಕೆಂಡಿಗೆ 90 ಸಲ ಬದಲಾಗಬೇಕು, ಅದೂ ಎರಡೂ ಕಣ್ಣಿಗೆ ಬೇರೆ ಬೇರೆ. ತಡವರಿಸಿದರೆ ಮಕ್ಕಳಿಗೆ ತಲೆ ತಿರುಗಿ ವಾಂತಿ ಬರುತ್ತದೆ. ಕನ್ನಡಕದ ಅಪ್‌ಡೇಟ್ ಬಂದಾಗಲೆಲ್ಲ ಬೀದರಿನ ಗವಾನ್ ಮದರಸಾದ ಮಿನಾರಿನಿಂದ ಹಿಡಿದು ಪ್ರತಿ ಪಾಠವನ್ನೂ ಮತ್ತೆ ಹಾಕಿಕೊಂಡು ನೋಡಬೇಕು. ನಾವಿರುವುದು ಐದೇ ಜನ. ಒಮ್ಮೆ ಕೊಟ್ಟ ದುಡ್ಡಿನಲ್ಲಿ ಇಷ್ಟು ವರ್ಷ ಎಳೆದದ್ದೇ ಜಾಸ್ತಿ. ಫೀ ಮೇಲಿನ 18% ಜಿಎಸ್‌ಟಿಯೂ ನಮ್ಮ ಜೇಬಿಗಲ್ಲ.

ಇಷ್ಟಾದರೂ ಒಂದು ಹೇಳುತ್ತೇವೆ. ರಾತ್ರಿ ಹೊತ್ತು ಹಿಂದಿನ ಲೈಟ್ ಇಲ್ಲದೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಬೇರೆ ಯಾರ ಸಿಮ್ಯುಲೇಟರಿನಲ್ಲಿ ಇದೆ ತೋರಿಸಿ. ಆಳಂದ ರಸ್ತೆಯಲ್ಲಿ ನಾವೇ ಬೈಕ್ ಮೇಲೆ ಅದರ ಹಿಂದೆ ಹೋಗಿ ವಿಡಿಯೊ ಮಾಡಿಕೊಂಡು ಬಂದದ್ದು.

ಹಳೇ ಪಾಠಗಳಿಗೆ ನಾವು ಬೀಗ ಹಾಕುವುದಿಲ್ಲ. ಕನ್ನಡಕ ನಡೆಯುವವರೆಗೂ ಬಳಸಿ, ಫೀ ಇಲ್ಲ. ಹೋದ ಎರಡು ವರ್ಷದಲ್ಲಿ ತಗೊಂಡವರಿಗೆ ಹೊಸ ಆವೃತ್ತಿ ಮೊದಲ ವರ್ಷ ಉಚಿತ. ಬಿಸಿಲಲ್ಲಿಟ್ಟು ಸ್ಕ್ರೀನ್ ಸುಟ್ಟಾಗ ಬಾಯಿ ಬಿಡದೆ ಬದಲಿಸಿ ಕೊಟ್ಟವರು ನಾವೇ ಅಲ್ವಾ? ಆ ಲೆನ್ಸ್ ಭೂತಗನ್ನಡಿ ಇದ್ದ ಹಾಗೆ, ಕಿಟಕಿ ಹತ್ತಿರ ಇಡಬೇಡಿ ಅಂತ ಈಗಲೂ ಹೇಳುತ್ತೇವೆ.

ಮೇ ತಿಂಗಳಲ್ಲಿ ಪ್ರತಿಯೊಬ್ಬರ ಹತ್ತಿರ ನಾವೇ ಬರುತ್ತೇವೆ. ಅಲ್ಲಿಯವರೆಗೆ ಕಂಪ್ಯೂಟರ್ ಅಪ್‌ಡೇಟ್ ಕೇಳಿದರೆ ದಯವಿಟ್ಟು ಒತ್ತಬೇಡಿ. ಒತ್ತಿಬಿಟ್ಟಿದ್ದರೆ ಇವತ್ತೇ ಫೋನ್ ಮಾಡಿ, ಬೈಯುವುದಿಲ್ಲ.

ನಿಮ್ಮ,
ಕಲಬುರಗಿಯ ಐದು ಜನ